ನಿಕೊಲಾಯ್ ಮೆಟ್ನರ್

ನಿಕೊಲಾಯ್ ಕಾರ್ಲೊವಿಚ್ ಮೆಟ್ನರ್ (ಜನವರಿ 5, 1880 – ನವೆಂಬರ್ 13, 1951) ರಷ್ಯಾದ ಸಂಗೀತ ರಚನಕಾರರು ಹಾಗೂ ಪಿಯಾನೊ ವಾದಕರು. ಸೆರ್ಗೇಯ್ ರಖ್ಮಾನಿನೊವ್ ಮತ್ತು ಅಲೆಕ್ಸಾಂಡರ್ ಸ್ಕ್ರಿಯಾಬಿನ್ ಅವರ ಕಿರಿಯ ಸಮಕಾಲೀನರಾದ ಇವರು 14 ಪಿಯಾನೊ ಸೊನಾಟಾಗಳನ್ನು, ಮೂರು ಪಿಯಾನೊ ಕನ್ಚೆರ್ಟೊಗಳನ್ನು, ಮೂರು ಪಿಟೀಲು ಸೊನಾಟಾಗಳನ್ನು, ನೂರಕ್ಕೂ ಹೆಚ್ಚು ಗೀತೆಗಳನ್ನು ಹಾಗೂ 'ಸ್ಕಾಜ್ಕಾ' ಎಂದು ಕರೆಯಲಾಗುವ ಹಲವು ಕಿರು ಪಿಯಾನೊ ರಚನೆಗಳನ್ನು ನೀಡಿದ್ದಾರೆ. ಪಿಯಾನೊ ಇಲ್ಲದ ಒಂದೇ ಒಂದು ಕೃತಿಯನ್ನೂ ಇವರು ಪ್ರಕಟಿಸಲಿಲ್ಲ. 1921ರಲ್ಲಿ ರಷ್ಯಾವನ್ನು ತೊರೆದು ಜರ್ಮನಿ ಮತ್ತು ಫ್ರಾನ್ಸ್‌ಗಳಲ್ಲಿ ನೆಲೆಸಿದ್ದ ಇವರು ಜೀವನದ ಕೊನೆಯ ಒಂದೂವರೆ ದಶಕವನ್ನು ಲಂಡನ್ನಿನಲ್ಲಿ ಕಳೆದರು. ಬದುಕಿನ ಸಂಧ್ಯಾಕಾಲದಲ್ಲಿ ಇವರ ಕೃತಿಗಳು ಇವರದೇ ವಾದನದಲ್ಲಿ ಧ್ವನಿಮುದ್ರಣಗೊಳ್ಳಲು ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅವರು ನೀಡಿದ ಧನಸಹಾಯ ಕಾರಣವಾಯಿತು.

ಮನೆತನ ಮತ್ತು ಬಾಲ್ಯ

ಮೆಟ್ನರ್ ಅವರು ಮಾಸ್ಕೊದಲ್ಲಿ ಜನಿಸಿದರು. ಆಗ ರಷ್ಯಾದಲ್ಲಿ ಬಳಕೆಯಲ್ಲಿದ್ದ ಹಳೆಯ ಪಂಚಾಂಗದ ಪ್ರಕಾರ ಇವರ ಜನ್ಮದಿನ 1879ರ ಡಿಸೆಂಬರ್ 24. ಆದುದರಿಂದ ಕೆಲವು ಗ್ರಂಥಗಳು ಜನನ ವರ್ಷವನ್ನು 1879 ಎಂದೂ ಮತ್ತೆ ಕೆಲವು 1880 ಎಂದೂ ನಮೂದಿಸುತ್ತವೆ. ಇವರದು ಹಲವು ತಲೆಮಾರುಗಳ ಹಿಂದೆಯೇ ರಷ್ಯಾಕ್ಕೆ ಬಂದು ನೆಲೆಸಿದ್ದ ಜರ್ಮನ್ ಮೂಲದ ಮನೆತನ. ತಂದೆ ಕಾರ್ಲ್ ಪೆಟ್ರೊವಿಚ್ ಮಾಸ್ಕೊದ ಲೇಸ್ ಕಾರ್ಖಾನೆಯೊಂದರ ನಿರ್ದೇಶಕರಾಗಿದ್ದರು. ಸಾಹಿತ್ಯದಲ್ಲಿ, ವಿಶೇಷವಾಗಿ ಗಯಟೆಯ ಕೃತಿಗಳಲ್ಲಿ, ಆಳವಾದ ಆಸಕ್ತಿ ಉಳ್ಳವರಾಗಿದ್ದರು. ತಾಯಿ ಅಲೆಕ್ಸಾಂಡ್ರಾ ಕಾರ್ಲೊವ್ನಾ ಸಂಗೀತಗಾರರ ಗೆಡಿಕೆ ಮನೆತನದವರು. ಮನೆಯಲ್ಲಿ ರಷ್ಯನ್ ಮತ್ತು ಜರ್ಮನ್ ಸಂಸ್ಕೃತಿಗಳೆರಡೂ ಸಮಾನವಾಗಿ ಉಸಿರಾಡುತ್ತಿದ್ದವು. ಮುಂದೆ ಪುಷ್ಕಿನ್ ಮತ್ತು ಗಯಟೆ ಇಬ್ಬರ ಕವಿತೆಗಳನ್ನೂ ಮೂಲಭಾಷೆಗಳಲ್ಲಿಯೇ ಸಂಗೀತಕ್ಕೆ ಅಳವಡಿಸಲು ಇವರಿಗೆ ಸಾಧ್ಯವಾದದ್ದು ಈ ಹಿನ್ನೆಲೆಯಿಂದ.

ಪಿಯಾನೊದ ಮೊದಲ ಪಾಠಗಳನ್ನು ಇವರು ತಾಯಿಯಿಂದಲೇ ಕಲಿತರು. ಅನಂತರ ಸೋದರಮಾವ ಫ್ಯೊದೊರ್ ಗೆಡಿಕೆ ಅವರಲ್ಲಿ ಅಭ್ಯಾಸ ಮುಂದುವರಿಯಿತು. ಆರ್ಗನ್ ವಾದಕರಾಗಿ ಮತ್ತು ರಚನಕಾರರಾಗಿ ಹೆಸರಾದ ಅಲೆಕ್ಸಾಂಡರ್ ಗೆಡಿಕೆ ಅವರು ಈ ಸೋದರಮಾವನ ಮಗ.

ಶಿಕ್ಷಣ

ಮೆಟ್ನರ್ ಅವರು ಬಾಲಕನಾಗಿದ್ದಾಗಲೇ ಮಾಸ್ಕೊ ಕನ್ಸರ್ವೇಟರಿಗೆ ಸೇರಿದರು. ಅಲ್ಲಿ ಪಾವೆಲ್ ಪಾಬ್ಸ್ಟ್, ವಸೀಲಿ ಸಾಪೆಲ್ನಿಕೊವ್ ಮತ್ತು ವಸೀಲಿ ಸಾಫೊನೊವ್ ಇವರ ಪಿಯಾನೊ ಗುರುಗಳಾಗಿದ್ದರು. ಆಂಟನ್ ಅರೆನ್ಸ್ಕಿ ಮತ್ತು ಸೆರ್ಗೇಯ್ ತನೇಯೆವ್ ಅವರಲ್ಲಿ ಸಂಗೀತ ಶಾಸ್ತ್ರವನ್ನು ಅಭ್ಯಸಿಸಿದರೂ, ರಚನಾ ವಿಭಾಗದ ಪಠ್ಯಕ್ರಮವನ್ನು ಇವರು ಪೂರೈಸಲಿಲ್ಲ. ಈ ಅರ್ಥದಲ್ಲಿ, ರಚನಕಾರರಾಗಿ ಇವರು ಬಹುಮಟ್ಟಿಗೆ ಸ್ವಯಂಶಿಕ್ಷಿತರು. ಮೆಟ್ನರ್ ಸೊನಾಟಾ ರೂಪವನ್ನು ಹುಟ್ಟಿನಿಂದಲೇ ಪಡೆದು ಬಂದವರೆಂದು ತನೇಯೆವ್ ಹೇಳುತ್ತಿದ್ದರೆಂಬ ಪ್ರತೀತಿಯಿದೆ.

1900ರಲ್ಲಿ ಮೆಟ್ನರ್ ಚಿನ್ನದ ಪದಕದೊಂದಿಗೆ ಕನ್ಸರ್ವೇಟರಿಯಿಂದ ಹೊರಬಂದರು. ಅದೇ ವರ್ಷ ವಿಯೆನ್ನಾದಲ್ಲಿ ನಡೆದ ಆಂಟನ್ ರೂಬಿನ್‌ಸ್ಟೈನ್ ಸ್ಪರ್ಧೆಯಲ್ಲಿ ಇವರಿಗೆ ಗೌರವಪೂರ್ವಕ ಉಲ್ಲೇಖ ದೊರೆಯಿತು. ಗುರು ಸಾಫೊನೊವ್ ಅವರು ಶಿಷ್ಯನಿಗಾಗಿ ಕಛೇರಿಗಳ ಪ್ರವಾಸವೊಂದನ್ನು ಯೋಜಿಸಿದ್ದರು. ಖ್ಯಾತ ವಾದಕನಾಗುವ ದಾರಿ ತೆರೆದೇ ಇತ್ತು. ಆದರೆ ಇಪ್ಪತ್ತರ ಹರೆಯದ ಮೆಟ್ನರ್ ಅದನ್ನು ನಿರಾಕರಿಸಿ, ತಮ್ಮ ಬದುಕನ್ನು ಸಂಗೀತ ರಚನೆಗೆ ಮೀಸಲಿಡುವುದಾಗಿ ನಿರ್ಧರಿಸಿದರು. ಗುರುವಿಗೂ ಮನೆಯವರಿಗೂ ಈ ನಿರ್ಧಾರ ಸಮ್ಮತವಾಗಲಿಲ್ಲ. ಇವರ ಬೆಂಬಲಕ್ಕೆ ನಿಂತವರು ತನೇಯೆವ್ ಹಾಗೂ ಹಿರಿಯಣ್ಣ ಎಮಿಲ್.

ಮಾಸ್ಕೊದ ವರ್ಷಗಳು

ಎಫ್ ಮೈನರ್ ಶ್ರುತಿಯ ಮೊದಲ ಪಿಯಾನೊ ಸೊನಾಟಾ (ಓಪಸ್ 5) ಇವರಿಗೆ ರಚನಕಾರರೆಂಬ ಮನ್ನಣೆಯನ್ನು ತಂದುಕೊಟ್ಟಿತು. ಆ ಹೊತ್ತಿಗೆ ಹೆಸರು ಮಾಡಿದ್ದ ರಖ್ಮಾನಿನೊವ್ ಈ ಯುವಕನ ಪ್ರತಿಭೆಯನ್ನು ಗುರುತಿಸಿದರು. ಗಯಟೆಯ ಕವಿತೆಗಳಿಗೆ ರಚಿಸಿದ ಗೀತೆಗಳಿಗಾಗಿ 1909ರಲ್ಲಿ ಮೆಟ್ನರ್ ಅವರಿಗೆ ಗ್ಲಿಂಕಾ ಬಹುಮಾನ ಲಭಿಸಿತು. 1916ರಲ್ಲಿ ಪಿಯಾನೊ ಸೊನಾಟಾಗಳಿಗಾಗಿ ಅದೇ ಬಹುಮಾನ ಮತ್ತೊಮ್ಮೆ ಸಂದಿತು.

1909ರಿಂದ 1910ರವರೆಗೆ ಹಾಗೂ 1915ರಿಂದ 1921ರವರೆಗೆ ಇವರು ಮಾಸ್ಕೊ ಕನ್ಸರ್ವೇಟರಿಯಲ್ಲಿ ಪ್ರಾಧ್ಯಾಪಕರಾಗಿದ್ದರು. ನಡುವಿನ ಅವಧಿಯಲ್ಲಿ ಬೋಧನೆಯನ್ನು ಬಿಟ್ಟದ್ದು ರಚನೆಗೆ ಹೆಚ್ಚಿನ ಸಮಯ ಬೇಕೆಂಬ ಕಾರಣದಿಂದ. ವಾದಕರಾಗಿ ಇವರು ಬೇಥೋವನ್ನರ ಕೃತಿಗಳಲ್ಲಿ, ಅದರಲ್ಲೂ ನಾಲ್ಕನೆಯ ಪಿಯಾನೊ ಕನ್ಚೆರ್ಟೊದಲ್ಲಿ, ಪರಿಣತರೆಂದು ಹೆಸರಾಗಿದ್ದರು. 1910ರಲ್ಲಿ ಇದೇ ಕೃತಿಯ ತಾಲೀಮಿನ ಸಂದರ್ಭದಲ್ಲಿ ಡಚ್ ವಾದ್ಯವೃಂದ ನಿರ್ದೇಶಕ ವಿಲೆಮ್ ಮೆಂಗೆಲ್‌ಬರ್ಗ್ ಅವರೊಡನೆ ತೀವ್ರ ಭಿನ್ನಾಭಿಪ್ರಾಯ ಉಂಟಾಗಿ ಮೆಟ್ನರ್ ವೇದಿಕೆಯಿಂದ ಹೊರನಡೆದರು. ಕಲೆಯ ವಿಷಯದಲ್ಲಿ ರಾಜಿ ಮಾಡಿಕೊಳ್ಳದ ಈ ಸ್ವಭಾವ ಜೀವನದುದ್ದಕ್ಕೂ ಇವರೊಂದಿಗಿತ್ತು. ಅದರ ಬೆಲೆಯನ್ನೂ ಇವರು ತೆತ್ತರು.

ಅಣ್ಣ ಎಮಿಲ್ ಮತ್ತು ಪತ್ನಿ ಅನ್ನಾ

ಎಮಿಲ್ ಮೆಟ್ನರ್ ಲೇಖಕರು ಹಾಗೂ ವಿಮರ್ಶಕರು. ಕವಿ ಆಂದ್ರೇಯ್ ಬೆಲಿಯ ಆಪ್ತರಾಗಿದ್ದ ಅವರು ಮಾಸ್ಕೊದಲ್ಲಿ ಸಾಂಕೇತಿಕ ಪಂಥದ ಲೇಖಕರಿಗೆ ನೆಲೆಯಾಗಿದ್ದ 'ಮುಸಗೆತ್' ಎಂಬ ಪ್ರಕಾಶನ ಸಂಸ್ಥೆಯನ್ನು ಸ್ಥಾಪಿಸಿದರು. ತಮ್ಮನ ಪ್ರತಿಭೆಯಲ್ಲಿ ಅವರಿಗೆ ಅಚಲವಾದ ನಂಬಿಕೆಯಿತ್ತು.

ಪಿಟೀಲು ವಾದಕಿ ಅನ್ನಾ ಬ್ರಾತೆನ್ಸ್ಕಾಯಾ ಅವರನ್ನು ನಿಕೊಲಾಯ್ ಎಳೆಯ ವಯಸ್ಸಿನಲ್ಲೇ ಪ್ರೀತಿಸಿದ್ದರು. ಆದರೆ 1902ರಲ್ಲಿ ಅನ್ನಾ ಅವರ ವಿವಾಹ ಎಮಿಲ್ ಅವರೊಂದಿಗೆ ನಡೆಯಿತು. ನಿಕೊಲಾಯ್ ಮತ್ತು ಅನ್ನಾ ಅವರ ನಡುವಿನ ಅನುರಾಗ ಅನಂತರವೂ ಉಳಿಯಿತು; ಎಮಿಲ್ ಅದನ್ನು ಅರಿತಿದ್ದರು, ಒಪ್ಪಿಕೊಂಡಿದ್ದರು. ಹಿರಿಯರ ಮನಸ್ಸಿಗೆ ನೋವಾಗಬಾರದೆಂದು ಮೂವರೂ ವಿಷಯವನ್ನು ಬಹುಕಾಲ ಹೊರಗೆ ಬಿಡಲಿಲ್ಲ. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಜರ್ಮನಿಯಲ್ಲಿದ್ದ ಎಮಿಲ್ ಸ್ವದೇಶಕ್ಕೆ ಮರಳಲಾಗದೆ ಸ್ವಿಟ್ಜರ್ಲೆಂಡಿಗೆ ತೆರಳಿ, ಅಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಅವರ ನಿಕಟವರ್ತಿಗಳಾದರು. ತಾಯಿಯ ನಿಧನದ ನಂತರ, 1919ರಲ್ಲಿ, ನಿಕೊಲಾಯ್ ಮತ್ತು ಅನ್ನಾ ವಿವಾಹವಾದರು. ಸಹೋದರರ ಬಾಂಧವ್ಯ ಇದರಿಂದ ಮುರಿಯಲಿಲ್ಲ. 1936ರಲ್ಲಿ ಎಮಿಲ್ ತೀರಿಕೊಂಡಾಗ ಮೆಟ್ನರ್ ತಮ್ಮ ಮೂರನೆಯ ಪಿಟೀಲು ಸೊನಾಟಾವನ್ನು ಅಣ್ಣನ ನೆನಪಿಗೆ ಅರ್ಪಿಸಿದರು. 'ಸೊನಾಟಾ ಎಪಿಕಾ' ಎಂಬ ಹೆಸರಿನ ಈ ಕೃತಿ (ಓಪಸ್ 57) ಇವರ ಅತ್ಯಂತ ವಿಸ್ತಾರವಾದ ರಚನೆಗಳಲ್ಲೊಂದು.

ದೇಶಾಂತರ

1917ರ ಕ್ರಾಂತಿಯ ನಂತರದ ಹಸಿವು ಮತ್ತು ಚಳಿಯ ವರ್ಷಗಳಲ್ಲಿ ಮೆಟ್ನರ್ ದಂಪತಿಗಳು ಮಾಸ್ಕೊದ ಹೊರಗೆ, ಬುಗ್ರಿ ಎಂಬಲ್ಲಿನ ಹಳ್ಳಿಮನೆಯೊಂದರಲ್ಲಿ ಕೆಲಕಾಲ ಆಶ್ರಯ ಪಡೆದರು. 'ಮರೆತುಹೋದ ಸ್ವರಗಳು' ಎಂಬ ಪಿಯಾನೊ ರಚನೆಗಳ ಮಾಲಿಕೆ (ಓಪಸ್ 38, 39 ಮತ್ತು 40) ಈ ಅವಧಿಯ ಫಲ. ಹೊಳೆದ ಸ್ವರಪಂಕ್ತಿಗಳನ್ನು ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ಇವರಿಗಿತ್ತು. ಎಂದೋ ಬರೆದು ಮರೆತಿದ್ದ ಪಂಕ್ತಿಗಳೇ ಈ ಮಾಲಿಕೆಗೆ ವಸ್ತುವಾದವು. ಇದರ ಮೊದಲ ರಚನೆಯಾದ 'ಸೊನಾಟಾ ರೆಮಿನಿಸೆನ್ಜಾ' ಇಂದು ಇವರ ಅತ್ಯಂತ ಜನಪ್ರಿಯ ಕೃತಿಗಳಲ್ಲೊಂದು. ಅದರ ಆರಂಭದ ಮೃದುವಾದ ಸ್ವರಪಂಕ್ತಿ ಅದೇ ಗುಚ್ಛದ ಮುಂದಿನ ರಚನೆಗಳಲ್ಲಿಯೂ ನೆನಪಿನಂತೆ ಮರಳಿ ಬರುತ್ತದೆ.

1921ರಲ್ಲಿ ದಂಪತಿಗಳು ರಷ್ಯಾವನ್ನು ತೊರೆದು ಬರ್ಲಿನ್‌ಗೆ ಬಂದರು. ಜರ್ಮನ್ ಸಂಗೀತ ಪರಂಪರೆಯನ್ನು ಗುರುಸಮಾನವೆಂದು ಭಾವಿಸಿದ್ದ ಮೆಟ್ನರ್ ಅವರಿಗೆ ಅಲ್ಲಿ ಆಶಾಭಂಗ ಕಾದಿತ್ತು. ಬರ್ಲಿನ್ನಿನ ಸಂಗೀತ ಲೋಕ ಆಗ ಹೊಸ ಪ್ರಯೋಗಗಳತ್ತ ತಿರುಗಿತ್ತು. ಬ್ರಾಮ್ಸ್ ಮತ್ತು ಬೇಥೋವನ್ನರ ದಾರಿಯಲ್ಲಿ ನಡೆಯುವ ರಷ್ಯನ್ ರಚನಕಾರನೊಬ್ಬನಿಗೆ ಕಛೇರಿಗಳಾಗಲಿ ಆದಾಯವಾಗಲಿ ಹೆಚ್ಚು ದೊರೆಯಲಿಲ್ಲ. 1924–25ರಲ್ಲಿ ರಖ್ಮಾನಿನೊವ್ ಅವರ ಪ್ರಯತ್ನದಿಂದ ಅಮೆರಿಕದಲ್ಲಿ ಕಛೇರಿ ಪ್ರವಾಸ ಏರ್ಪಟ್ಟಿತು. ಅದರ ನಂತರ ದಂಪತಿಗಳು ಫ್ರಾನ್ಸ್‌ನಲ್ಲಿ ನೆಲೆಸಿದರು. ಪ್ಯಾರಿಸ್ಸಿನಲ್ಲಿಯೂ ಸ್ಥಿತಿ ಭಿನ್ನವಾಗಿರಲಿಲ್ಲ.

1927ರಲ್ಲಿ ಮೆಟ್ನರ್ ಸೋವಿಯತ್ ಒಕ್ಕೂಟದಲ್ಲಿ ಕಛೇರಿ ಪ್ರವಾಸ ಕೈಗೊಂಡರು. ಎರಡನೆಯ ಪಿಯಾನೊ ಕನ್ಚೆರ್ಟೊ (ಓಪಸ್ 50) ಆಗಲೇ ಮಾಸ್ಕೊದಲ್ಲಿ ಅಲೆಕ್ಸಾಂಡರ್ ಗೆಡಿಕೆ ಅವರ ನಿರ್ದೇಶನದಲ್ಲಿ ಮೊದಲ ಬಾರಿಗೆ ಕೇಳಿಬಂತು. ತವರಿನ ಶ್ರೋತೃಗಳು ಇವರನ್ನು ಆತ್ಮೀಯವಾಗಿ ಬರಮಾಡಿಕೊಂಡರು. ಆದರೆ ಇದೇ ತಾಯ್ನಾಡಿಗೆ ಇವರ ಕೊನೆಯ ಭೇಟಿಯಾಯಿತು.

ರಖ್ಮಾನಿನೊವ್ ಅವರೊಂದಿಗಿನ ಸ್ನೇಹ

ಮೆಟ್ನರ್ ಮತ್ತು ರಖ್ಮಾನಿನೊವ್ ಅವರ ಸ್ನೇಹ ಇಬ್ಬರ ಬದುಕಿನಲ್ಲಿಯೂ ಮಹತ್ವದ್ದು. ರಖ್ಮಾನಿನೊವ್ ಮಿತಭಾಷಿ, ಮೆಟ್ನರ್ ಕಲಾತತ್ತ್ವದ ಚರ್ಚೆಯಲ್ಲಿ ಆಸಕ್ತರು. ಸ್ವಭಾವದಲ್ಲಿ ಹೀಗೆ ಭಿನ್ನರಾಗಿದ್ದರೂ ಸಂಗೀತದ ಕುರಿತಾದ ನಿಷ್ಠೆ ಅವರನ್ನು ಬೆಸೆದಿತ್ತು. ತಮ್ಮ ಕಾಲದ ಅತಿ ಶ್ರೇಷ್ಠ ರಚನಕಾರ ಮೆಟ್ನರ್ ಎಂಬ ಅಭಿಪ್ರಾಯವನ್ನು ರಖ್ಮಾನಿನೊವ್ ವ್ಯಕ್ತಪಡಿಸಿದ್ದರು.

ಮೆಟ್ನರ್ 1911ರಲ್ಲಿ ಪೂರ್ಣಗೊಳಿಸಿದ 'ರಾತ್ರಿಯ ಗಾಳಿ' ಸೊನಾಟಾವನ್ನು ರಖ್ಮಾನಿನೊವ್ ಅವರಿಗೆ ಅರ್ಪಿಸಿದರು. 1926ರಲ್ಲಿ ಮುಗಿದ ತಮ್ಮ ನಾಲ್ಕನೆಯ ಪಿಯಾನೊ ಕನ್ಚೆರ್ಟೊವನ್ನು ರಖ್ಮಾನಿನೊವ್ ಮೆಟ್ನರ್ ಅವರಿಗೆ ಅರ್ಪಿಸಿದರೆ, ಮೆಟ್ನರ್ ತಮ್ಮ ಎರಡನೆಯ ಕನ್ಚೆರ್ಟೊವನ್ನು ರಖ್ಮಾನಿನೊವ್ ಅವರಿಗೆ ಅರ್ಪಿಸಿದರು. ದೇಶಾಂತರದ ಕಷ್ಟದ ದಿನಗಳಲ್ಲಿ ರಖ್ಮಾನಿನೊವ್ ಗೆಳೆಯನಿಗೆ ಹಣಕಾಸಿನ ನೆರವನ್ನೂ ನೀಡಿದರು. ಒಬ್ಬರು ವಾದಕರಾಗಿ ಜಗತ್ಪ್ರಸಿದ್ಧರಾದರು, ಆದರೆ ರಚನೆಗೆ ಅವರಿಗೆ ಸಮಯ ದೊರೆಯದಾಯಿತು. ಇನ್ನೊಬ್ಬರು ರಚನೆಗಾಗಿ ವಾದಕ ವೃತ್ತಿಯನ್ನು ಬದಿಗಿಟ್ಟು ಬಡತನವನ್ನು ಒಪ್ಪಿಕೊಂಡರು.

ಕಲೆಯ ಕುರಿತಾದ ಗ್ರಂಥ

1935ರಲ್ಲಿ ಪ್ಯಾರಿಸ್ಸಿನಲ್ಲಿ ಮೆಟ್ನರ್ ಅವರ 'ಮೂಜಾ ಇ ಮೋದಾ' (ಕಲಾದೇವಿ ಮತ್ತು ಫ್ಯಾಷನ್) ಎಂಬ ರಷ್ಯನ್ ಗ್ರಂಥ ಪ್ರಕಟವಾಯಿತು. ಅದನ್ನು ಹೊರತಂದದ್ದು ರಖ್ಮಾನಿನೊವ್ ಅವರಿಗೆ ಸಂಬಂಧಿಸಿದ 'ತಾಯಿರ್' ಪ್ರಕಾಶನ. ಆಲ್ಫ್ರೆಡ್ ಸ್ವಾನ್ ಅವರ ಇಂಗ್ಲಿಷ್ ಅನುವಾದ 1951ರಲ್ಲಿ ಬಂದಿತು.

ಸಂಗೀತಕ್ಕೆ ಕಾಲಾತೀತವಾದ ಕೆಲವು ನಿಯಮಗಳಿವೆ ಎಂಬುದು ಈ ಗ್ರಂಥದ ಮುಖ್ಯ ಪ್ರತಿಪಾದನೆ. ಆಧಾರ ಸ್ವರ ಮತ್ತು ಅದರ ಸುತ್ತಲಿನ ಸ್ವರಗಳ ಸಂಬಂಧ, ಸಂವಾದ ಮತ್ತು ವಿವಾದಗಳ ಸಂಬಂಧ, ಸರಳತೆ ಮತ್ತು ಸಂಕೀರ್ಣತೆಗಳ ಸಂಬಂಧ ಇವೆಲ್ಲ ಯಾರೊಬ್ಬರೂ ಕಲ್ಪಿಸಿದವುಗಳಲ್ಲ, ಭಾಷೆಯಂತೆ ಎಲ್ಲರಿಗೂ ಸೇರಿದವು. ಅವನ್ನು ಮುರಿದು ಕಟ್ಟುವ ಹೊಸತನ ಕೇವಲ ಫ್ಯಾಷನ್ ಆಗುತ್ತದೆ ಎಂದು ಮೆಟ್ನರ್ ವಾದಿಸಿದರು. ಸ್ಟ್ರಾವಿನ್ಸ್ಕಿ ಮೊದಲಾದವರ ಪ್ರಭಾವ ಉತ್ತುಂಗದಲ್ಲಿದ್ದ ಕಾಲದಲ್ಲಿ ಈ ನಿಲುವು ಅವರನ್ನು ಇನ್ನಷ್ಟು ಒಂಟಿಯಾಗಿಸಿತು. ಇಪ್ಪತ್ತನೆಯ ಶತಮಾನದ ಹೊಸ ಸಂಗೀತದ ಕುರಿತು ಅವರ ತೀರ್ಪು ಏಕಪಕ್ಷೀಯವೆಂದು ಹಲವರು ಅಭಿಪ್ರಾಯಪಡುತ್ತಾರೆ. ಆದರೂ ಅವರ ಸ್ವಂತ ರಚನಾಕ್ರಮವನ್ನು ಅರಿಯಲು ಈ ಗ್ರಂಥ ಮುಖ್ಯ ಆಕರವಾಗಿದೆ.

ಲಂಡನ್ ಮತ್ತು ಯುದ್ಧಕಾಲ

ಇಂಗ್ಲೆಂಡಿನಲ್ಲಿ ಮೆಟ್ನರ್ ಅವರಿಗೆ ಸಣ್ಣದಾದರೂ ನಿಷ್ಠಾವಂತವಾದ ಶ್ರೋತೃವರ್ಗವೊಂದಿತ್ತು. 1928ರಲ್ಲಿ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ ಇವರನ್ನು ಗೌರವ ಸದಸ್ಯರನ್ನಾಗಿ ಮಾಡಿಕೊಂಡಿತು. 1930ರ ದಶಕದ ಮಧ್ಯಭಾಗದಲ್ಲಿ ದಂಪತಿಗಳು ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಬಡಾವಣೆಗೆ ಬಂದು ನೆಲೆಸಿದರು. ಬೋಧನೆ, ಆಗೊಮ್ಮೆ ಈಗೊಮ್ಮೆ ನಡೆಯುವ ಕಛೇರಿಗಳು, ಜರ್ಮನಿಯ ಪ್ರಕಾಶಕರಿಂದ ಬರುವ ಸಂಭಾವನೆ ಇವು ಅವರ ಜೀವನಾಧಾರವಾಗಿದ್ದವು.

ಎರಡನೆಯ ಮಹಾಯುದ್ಧ ಆರಂಭವಾಗುತ್ತಿದ್ದಂತೆ ಜರ್ಮನಿಯಿಂದ ಬರುತ್ತಿದ್ದ ಹಣ ನಿಂತುಹೋಯಿತು. ಲಂಡನ್ ಮೇಲಿನ ಬಾಂಬ್ ದಾಳಿಯಿಂದ ಪಾರಾಗಲು ದಂಪತಿಗಳು ವಾರಿಕ್‌ಶೈರ್ ಪ್ರಾಂತಕ್ಕೆ ತೆರಳಿದರು. ಅಲ್ಲಿ ಅವರಿಗೆ ಆಶ್ರಯ ನೀಡಿದವರು ಇಂಗ್ಲಿಷ್ ಪಿಯಾನೊ ವಾದಕಿ ಎಡ್ನಾ ಐಲ್ಸ್ ಮತ್ತು ಅವರ ಕುಟುಂಬದವರು. 1942ರಲ್ಲಿ ಮೆಟ್ನರ್ ಅವರಿಗೆ ಹೃದಯಾಘಾತವಾಯಿತು. ಚೇತರಿಕೆಯ ನಡುವೆಯೇ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು (ಓಪಸ್ 60) ಅವರು ಪೂರ್ಣಗೊಳಿಸಿದರು. 1944ರ ಫೆಬ್ರವರಿ 19ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಏಡ್ರಿಯನ್ ಬೌಲ್ಟ್ ಅವರ ನಿರ್ದೇಶನದಲ್ಲಿ ಸ್ವತಃ ಮೆಟ್ನರ್ ಅದನ್ನು ಮೊದಲ ಬಾರಿಗೆ ನುಡಿಸಿದರು. ರಖ್ಮಾನಿನೊವ್ ಹಿಂದಿನ ವರ್ಷವೇ ಅಮೆರಿಕದಲ್ಲಿ ತೀರಿಕೊಂಡಿದ್ದರು.

ಮೈಸೂರು ಮಹಾರಾಜರ ಆಶ್ರಯ

1940ರಲ್ಲಿ ಮೈಸೂರಿನ ಸಿಂಹಾಸನವನ್ನೇರಿದ ಜಯಚಾಮರಾಜೇಂದ್ರ ಒಡೆಯರ್ (1919–1974) ಕರ್ನಾಟಕ ಸಂಗೀತದಲ್ಲಿ ವಾಗ್ಗೇಯಕಾರರಾಗಿ ಪ್ರಸಿದ್ಧರು. ಆಸ್ಥಾನ ವಿದ್ವಾಂಸ ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನ ಪಡೆದ ಅವರು 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ್ದಾರೆ. ಕರ್ನಾಟಕ ಸಂಗೀತಕ್ಕೆ ತೊಡಗುವ ಮೊದಲೇ ಅವರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಪರಿಶ್ರಮ ಪಡೆದಿದ್ದರು. ಪಿಯಾನೊ ವಾದನದಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿಯನ್ನು ಗಳಿಸಿದ್ದರು. ಕಛೇರಿ ಮಾಡುವ ಪಿಯಾನೊ ವಾದಕನಾಗಬೇಕೆಂಬ ಅವರ ಬಯಕೆ, 1940ರಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಮತ್ತು ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಇಬ್ಬರೂ ತೀರಿಕೊಂಡು ರಾಜ್ಯಭಾರ ಹೆಗಲೇರಿದಾಗ ಅಲ್ಲಿಗೇ ನಿಂತಿತು.

ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸಾವಿರಾರು ಗ್ರಾಮಫೋನ್ ತಟ್ಟೆಗಳ ಸಂಗ್ರಹವಿತ್ತು. ಆದರೆ ಮಹಾರಾಜರು ಬಹುವಾಗಿ ಮೆಚ್ಚಿದ್ದ ಮೆಟ್ನರ್ ಅವರ ಕೃತಿಗಳ ತಟ್ಟೆಗಳು ಬೆರಳೆಣಿಕೆಯಷ್ಟಿದ್ದವು. ಆ ಕೊರತೆಯನ್ನು ನೀಗಿಸಲು ಅವರು ತಾವೇ ಮುಂದಾದರು. ಲಂಡನ್ನಿನಲ್ಲಿದ್ದ ಮೈಸೂರು ಸಂಸ್ಥಾನದ ವಾಣಿಜ್ಯ ಪ್ರತಿನಿಧಿಯ ಮೂಲಕ ಮೆಟ್ನರ್ ಅವರನ್ನು ಸಂಪರ್ಕಿಸಿ, ಅವರ ಕೃತಿಗಳ ಧ್ವನಿಮುದ್ರಣಕ್ಕೆ ತಗಲುವ ವೆಚ್ಚವನ್ನು ಭರಿಸಲು ಒಪ್ಪಿದರು. ಹೀಗೆ ಮಹಾರಾಜರ ಪೋಷಕತ್ವದಲ್ಲಿ 'ಮೆಟ್ನರ್ ಸೊಸೈಟಿ' ಸ್ಥಾಪನೆಯಾಯಿತು. ಎಚ್‌ಎಂವಿ ಕಂಪನಿ ಧ್ವನಿಮುದ್ರಣದ ಹೊಣೆ ಹೊತ್ತಿತು. ಅದರ ನಿರ್ಮಾಪಕ ವಾಲ್ಟರ್ ಲೆಗ್ ಈ ಕಾರ್ಯದಲ್ಲಿ ಪ್ರಮುಖ ಪಾತ್ರ ವಹಿಸಿದರು.

1947ರಿಂದ ಮೊದಲುಗೊಂಡು ಮೆಟ್ನರ್ ಅವರು ತಮ್ಮ ಮೂರೂ ಪಿಯಾನೊ ಕನ್ಚೆರ್ಟೊಗಳನ್ನು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಮುದ್ರಿಸಿದರು. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಎರಡು ಮತ್ತು ಮೂರನೆಯದಕ್ಕೆ ಇಸ್ಸಾಯ್ ದೊಬ್ರೊವೆನ್ ನಿರ್ದೇಶಕರಾಗಿದ್ದರು. ಹಲವು ಸ್ಕಾಜ್ಕಾಗಳು, ಪಿಯಾನೊ ಪಂಚಮೇಳ ಹಾಗೂ ಎಲಿಜಬೆತ್ ಶ್ವಾರ್ಟ್ಸ್‌ಕಾಫ್, ಓಡಾ ಸ್ಲೊಬೊದ್ಸ್ಕಾಯಾ ಮೊದಲಾದ ಗಾಯಕಿಯರೊಂದಿಗೆ ಗೀತೆಗಳೂ ಮುದ್ರಣಗೊಂಡವು. ಈ ತಟ್ಟೆಗಳು ಮೂರು ಸಂಪುಟಗಳಾಗಿ ಹೊರಬಂದವು. ಹೃದ್ರೋಗದಿಂದ ಬಳಲುತ್ತಿದ್ದ, ಎಪ್ಪತ್ತನ್ನು ಸಮೀಪಿಸುತ್ತಿದ್ದ ವಾದಕರೊಬ್ಬರು ಇಷ್ಟು ಕಠಿಣವಾದ ಕೃತಿಗಳನ್ನು ಸ್ಟುಡಿಯೊದಲ್ಲಿ ನುಡಿಸಿ ಮುಗಿಸಿದ್ದು ಗಮನಾರ್ಹ. ತಮ್ಮ ಕೃತಜ್ಞತೆಯ ಕುರುಹಾಗಿ ಮೆಟ್ನರ್ ಮೂರನೆಯ ಕನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು.

ಮಹಾರಾಜರ ನೆರವು ಮೆಟ್ನರ್ ಅವರಿಗೆ ಸೀಮಿತವಾಗಿರಲಿಲ್ಲ. 1948ರಲ್ಲಿ ಅವರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ 'ನಾಲ್ಕು ಕೊನೆಯ ಗೀತೆಗಳು' ಕೃತಿಯನ್ನು ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದ ಕಛೇರಿಗೂ ಅವರ ಬೆಂಬಲವಿತ್ತು. ಭಾರತದ ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಸ್ಥಿತಿಗತಿ ಬದಲಾದುದರಿಂದ ಈ ಬಗೆಯ ಪೋಷಣೆ ಬಹುಕಾಲ ಮುಂದುವರಿಯಲಿಲ್ಲ.

ಕೊನೆಯ ದಿನಗಳು

ಕೊನೆಯ ವರ್ಷಗಳಲ್ಲಿ ಮೆಟ್ನರ್ ಪಿಯಾನೊ ಮತ್ತು ನಾಲ್ಕು ತಂತಿವಾದ್ಯಗಳಿಗಾಗಿ ಬರೆದ ಸಿ ಮೇಜರ್ ಪಂಚಮೇಳವನ್ನು ಪೂರ್ಣಗೊಳಿಸಿದರು. ಇದರ ಮೊದಲ ಕರಡುಗಳು 1904ರಷ್ಟು ಹಳೆಯವು. ನಾಲ್ಕು ದಶಕಗಳಿಗೂ ಮಿಕ್ಕಿ ಈ ಕೃತಿ ಇವರ ಮನಸ್ಸಿನಲ್ಲಿತ್ತು. ಲೂಥರನ್ ಸಂಪ್ರದಾಯದಲ್ಲಿ ಬೆಳೆದ ಮೆಟ್ನರ್ 1936ರಲ್ಲಿ ರಷ್ಯನ್ ಆರ್ಥೊಡಾಕ್ಸ್ ಚರ್ಚನ್ನು ಸೇರಿದ್ದರು. ಪಂಚಮೇಳದಲ್ಲಿ ಎದ್ದು ಕಾಣುವ ಪ್ರಾರ್ಥನೆಯ ಭಾವಕ್ಕೆ ಈ ಧಾರ್ಮಿಕ ಶ್ರದ್ಧೆಯೇ ಮೂಲ. ಅದನ್ನು ಅವರು ತಮ್ಮ ಬದುಕಿನ ಸಾರವೆಂದು ಭಾವಿಸಿದ್ದರು. ಕೃತಿ ಅಚ್ಚಾದದ್ದು ಅವರ ಮರಣಾನಂತರ.

1951ರ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನ ತಮ್ಮ ಮನೆಯಲ್ಲಿ ನಿಧನರಾದರು. ಅವರನ್ನು ಹೆಂಡನ್ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು.

ಸಂಗೀತ ಶೈಲಿ

ಮೆಟ್ನರ್ ಅವರ ಸಂಗೀತದಲ್ಲಿ ಎರಡು ಧಾರೆಗಳು ಸೇರುತ್ತವೆ. ರಚನೆಯ ಕಟ್ಟುನಿಟ್ಟು, ಸಣ್ಣ ಸ್ವರಬೀಜವೊಂದರಿಂದ ಇಡೀ ಕೃತಿಯನ್ನು ಬೆಳೆಸುವ ಕ್ರಮ ಬೇಥೋವನ್ ಮತ್ತು ಬ್ರಾಮ್ಸ್ ಅವರನ್ನು ನೆನಪಿಸುತ್ತದೆ. ಸ್ವರಪಂಕ್ತಿಗಳ ವಿಷಾದ, ಗಂಟೆಗಳ ನಾದ ಮತ್ತು ಕಥನದ ಗುಣ ರಷ್ಯಾದವು. ಹಲವು ಸ್ವತಂತ್ರ ಸ್ವರಪಂಕ್ತಿಗಳನ್ನು ಏಕಕಾಲದಲ್ಲಿ ಹೆಣೆಯುವ ಕೌಂಟರ್‌ಪಾಯಿಂಟ್ ಕೌಶಲದಲ್ಲಿ ಇವರು ಸಿದ್ಧಹಸ್ತರು. ಕೃತಿಯ ಆರಂಭದಲ್ಲಿ ಬೇರೆ ಬೇರೆಯಾಗಿ ಕೇಳಿಬಂದ ಎರಡು ಮೂರು ಸ್ವರಪಂಕ್ತಿಗಳು ಕೊನೆಯಲ್ಲಿ ಒಂದರ ಮೇಲೊಂದು ಕೂಡಿಕೊಂಡು ಬರುವುದು ಇವರ ಸೊನಾಟಾಗಳಲ್ಲಿ ಮತ್ತೆ ಮತ್ತೆ ಕಂಡುಬರುತ್ತದೆ. ಎಡಗೈ ಮತ್ತು ಬಲಗೈಗಳು ಭಿನ್ನ ಲಯಗಳಲ್ಲಿ ಸಾಗುವ ಇವರ ಬರವಣಿಗೆ ವಾದಕರಿಗೆ ಸವಾಲಿನದು.

ರಖ್ಮಾನಿನೊವ್ ಅವರ ಸಂಗೀತದಂತೆ ಮೆಟ್ನರ್ ಅವರದು ಮೊದಲ ಕೇಳಿಕೆಗೇ ಮನಸ್ಸನ್ನು ಸೆಳೆಯುವಂಥದ್ದಲ್ಲ. ಅದರ ಸೌಂದರ್ಯ ಮರಳಿ ಮರಳಿ ಕೇಳಿದಾಗ ತೆರೆದುಕೊಳ್ಳುತ್ತದೆ. ವಾದಕರು ಮೆಚ್ಚಿದರೂ ಇವರ ಕೃತಿಗಳು ಬಹುಜನರನ್ನು ತಲುಪದೇ ಉಳಿದುದಕ್ಕೆ ಇದೂ ಒಂದು ಕಾರಣ.

ಪ್ರಮುಖ ಕೃತಿಗಳು

ಸ್ಕಾಜ್ಕಾಗಳು: ರಷ್ಯನ್ ಭಾಷೆಯಲ್ಲಿ 'ಸ್ಕಾಜ್ಕಾ' ಎಂದರೆ ಜನಪದ ಕಥೆ. ಮೆಟ್ನರ್ ಈ ಹೆಸರಿನಲ್ಲಿ ಮೂವತ್ತಕ್ಕೂ ಹೆಚ್ಚು ಪಿಯಾನೊ ರಚನೆಗಳನ್ನು ಬರೆದರು. ಇಂಗ್ಲಿಷಿನಲ್ಲಿ ಇವನ್ನು 'ಫೇರಿ ಟೇಲ್ಸ್' ಎಂದು ಕರೆಯುವುದು ರೂಢಿಯಾದರೂ ಇವು ಕಿನ್ನರಿಯರ ಕಥೆಗಳಲ್ಲ. ವೀರ, ದುರಂತ, ಹಾಸ್ಯ ಹೀಗೆ ಹಲವು ಭಾವಗಳ ನಿರೂಪಣೆಗಳು. ಒಂದು ಸ್ಕಾಜ್ಕಾಕ್ಕೆ ಶೇಕ್ಸ್‌ಪಿಯರನ ಲಿಯರ್ ದೊರೆ ಪ್ರೇರಣೆ. ಓಪಸ್ 51ರ ಗುಚ್ಛ ಸಿಂಡ್ರೆಲಾ ಮತ್ತು ರಷ್ಯನ್ ಜನಪದದ ಪೆದ್ದ ಇವಾನನಿಗೆ ಅರ್ಪಿತ.

ಪಿಯಾನೊ ಸೊನಾಟಾಗಳು: ಇವುಗಳಲ್ಲಿ ಇ ಮೈನರ್ ಶ್ರುತಿಯ 'ರಾತ್ರಿಯ ಗಾಳಿ' (ಓಪಸ್ 25, ಸಂಖ್ಯೆ 2) ಅತ್ಯಂತ ದೊಡ್ಡದು. ಕವಿ ತ್ಯೂಚೆವ್ ಅವರ ಕವಿತೆಯೊಂದು ಇದಕ್ಕೆ ಪ್ರೇರಣೆ. ಅರ್ಧ ಗಂಟೆಗೂ ಮೀರಿ ತಡೆಯಿಲ್ಲದೆ ಸಾಗುವ ಈ ಕೃತಿಯನ್ನು ಪಾರ್ಸಿ ತಂದೆಯ ಮಗನಾದ ಇಂಗ್ಲಿಷ್ ರಚನಕಾರ ಕೈಖೊಸ್ರು ಸೊರಾಬ್ಜಿ ಆಧುನಿಕ ಕಾಲದ ಶ್ರೇಷ್ಠ ಸೊನಾಟಾಗಳ ಸಾಲಿನಲ್ಲಿ ಇರಿಸಿದ್ದಾರೆ. ಜಿ ಮೈನರ್ ಸೊನಾಟಾ (ಓಪಸ್ 22), ಸೊನಾಟಾ-ಬಲ್ಲಾಡ್ (ಓಪಸ್ 27), ಸೊನಾಟಾ ರೆಮಿನಿಸೆನ್ಜಾ (ಓಪಸ್ 38, ಸಂಖ್ಯೆ 1), ಸೊನಾಟಾ ಟ್ರಾಜಿಕಾ (ಓಪಸ್ 39, ಸಂಖ್ಯೆ 5) ಹಾಗೂ ಸೊನಾಟಾ-ಇಡಿಲ್ (ಓಪಸ್ 56) ಇತರ ಮುಖ್ಯ ಸೊನಾಟಾಗಳು.

ಪಿಯಾನೊ ಕನ್ಚೆರ್ಟೊಗಳು: ಮೊದಲನೆಯದು ಸಿ ಮೈನರ್ (ಓಪಸ್ 33), ಯುದ್ಧ ಮತ್ತು ಕ್ರಾಂತಿಯ ವರ್ಷಗಳಲ್ಲಿ ರಚಿತವಾದ ಏಕಭಾಗದ ಕೃತಿ. ಎರಡನೆಯದು ಸಿ ಮೈನರ್ (ಓಪಸ್ 50). ಮೂರನೆಯದು ಇ ಮೈನರ್ (ಓಪಸ್ 60). 'ಬಲ್ಲಾಡ್' ಎಂಬ ಉಪನಾಮದ ಇದು ಲೆರ್ಮೊಂತೊವ್ ಅವರ ಜಲಕನ್ಯೆಯ ಕವಿತೆಯಿಂದ ಪ್ರೇರಿತವಾಗಿದೆ.

ಗೀತೆಗಳು: ಪುಷ್ಕಿನ್, ತ್ಯೂಚೆವ್, ಫೆತ್, ಗಯಟೆ, ಹೈನೆ, ಐಖೆಂಡೋರ್ಫ್ ಮತ್ತು ನೀಚೆ ಮೊದಲಾದವರ ಕವಿತೆಗಳಿಗೆ ರಚಿತವಾದವು. ಪದಗಳಿಲ್ಲದೆ ಸ್ವರಾಕ್ಷರಗಳ ಮೇಲೆಯೇ ಹಾಡಬೇಕಾದ 'ಸೊನಾಟಾ-ವೊಕಾಲೀಸ್' (ಓಪಸ್ 41) ಇವರ ವಿಶಿಷ್ಟ ಪ್ರಯೋಗ.

ಮರಣೋತ್ತರ ಮನ್ನಣೆ

ಪತಿಯ ಮರಣಾನಂತರ ಅನ್ನಾ ಮೆಟ್ನರ್ ಹಸ್ತಪ್ರತಿಗಳೊಂದಿಗೆ 1958ರಲ್ಲಿ ಮಾಸ್ಕೊಗೆ ಮರಳಿದರು. ಅವರ ಸಹಕಾರದಿಂದ 1959ರಿಂದ 1963ರ ಅವಧಿಯಲ್ಲಿ ಮೆಟ್ನರ್ ಅವರ ಸಮಗ್ರ ಕೃತಿಗಳು 12 ಸಂಪುಟಗಳಲ್ಲಿ ಪ್ರಕಟವಾದವು. ಬದುಕಿದ್ದಾಗ ಮೂರು ದಶಕಗಳ ಕಾಲ ದೂರವಾಗಿದ್ದ ತಾಯ್ನಾಡು ಹೀಗೆ ಅವರ ಕೃತಿಗಳನ್ನು ಮರಳಿ ಪಡೆಯಿತು. ಅನ್ನಾ 1965ರಲ್ಲಿ ತೀರಿಕೊಂಡರು.

ಸೋವಿಯತ್ ವಾದಕ ಎಮಿಲ್ ಗಿಲೆಲ್ಸ್ ಅವರು ಸೊನಾಟಾ ರೆಮಿನಿಸೆನ್ಜಾ ಮತ್ತು ಜಿ ಮೈನರ್ ಸೊನಾಟಾಗಳನ್ನು ಕಛೇರಿಗಳಲ್ಲಿ ನುಡಿಸಿ ಪ್ರಚಾರಕ್ಕೆ ತಂದರು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹೇಮಿಷ್ ಮಿಲ್ನ್, ಜೆಫ್ರಿ ಟೋಜರ್, ನಿಕೊಲಾಯ್ ದೆಮಿದೆಂಕೊ ಹಾಗೂ ಮಾರ್ಕ್-ಆಂದ್ರೆ ಹ್ಯಾಮೆಲಿನ್ ಅವರ ಧ್ವನಿಮುದ್ರಣಗಳಿಂದ ಮೆಟ್ನರ್ ಅವರ ಕೃತಿಗಳು ಹೊಸ ಶ್ರೋತೃಗಳನ್ನು ತಲುಪಿದವು. ಎಡ್ನಾ ಐಲ್ಸ್ ಅವರು ಜೋಪಾನ ಮಾಡಿದ್ದ ಪತ್ರಗಳು ಮತ್ತು ದಾಖಲೆಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಮೆಟ್ನರ್ ಸೊಸೈಟಿಯ ಧ್ವನಿಮುದ್ರಣಗಳು ದೀರ್ಘಕಾಲ ಅಲಭ್ಯವಾಗಿದ್ದು, ಅನಂತರ ಸಿ.ಡಿ. ರೂಪದಲ್ಲಿ ಮರುಬಿಡುಗಡೆಯಾದವು. ತಮ್ಮ ಸಂಗೀತದ ಲಯ, ಒತ್ತು ಮತ್ತು ಭಾವಗಳನ್ನು ಮೆಟ್ನರ್ ಹೇಗೆ ಕಲ್ಪಿಸಿಕೊಂಡಿದ್ದರೆಂಬುದನ್ನು ತಿಳಿಯಬಯಸುವ ವಾದಕರು ಇಂದಿಗೂ ಮೊದಲು ಆಶ್ರಯಿಸುವುದು ಮೈಸೂರಿನ ನೆರವಿನಿಂದ ಸಿದ್ಧವಾದ ಈ ತಟ್ಟೆಗಳನ್ನೇ.